ಬದಲಿಸಿದ ಹೆಸರು

ಅಮಾವಾಸ್ಯೆಯ ದಿನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಗೊತ್ತಿದ್ದೂ ನಾಗಶ್ರೀ ಬೇಕೆಂದೇ ತಡಮಾಡಿ ಬಾಡಿಗೆ ಮನೆಗೆ ಬೀಗ ಹಾಕಿದಳು. ಬಸ್ಸು ತಪ್ಪಿದರೆ ಹೋಗದಿರುವುದಕ್ಕೊಂದು ನೆಪ ಸಿಗುತ್ತದೆ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತಿತ್ತು. ಇಂಥ ಲೆಕ್ಕದಲ್ಲಿ ಅವಳ ಮನಸ್ಸು ಬಲು ಚುರುಕು. ಆದರೆ ಮಹಾಲಯ ಅಮಾವಾಸ್ಯೆಯೆಂದು ಮಾದೇಶ್ವರನ ಬೆಟ್ಟಕ್ಕೆ ಬಿಟ್ಟಿದ್ದ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಉಘೇ ಮಾದಪ್ಪ ಎನ್ನುತ್ತ ನುಗ್ಗಿದ ಜನ ಅವಳನ್ನೂ ತಳ್ಳಿಕೊಂಡು ಒಳಗೆ ತಂದು ಹಾಕಿದರು. ಕಂಬಿ ಹಿಡಿದು ನಿಂತವಳಿಗೆ ಸೀಟಿನಲ್ಲಿದ್ದ ಹೆಂಗಸೊಬ್ಬಳು ಸರಿದು ಅಂಗೈಯಗಲ ಜಾಗ ಮಾಡಿಕೊಟ್ಟಳು. "ಜೊತ್ಗೆ ಯಾರೂ ಇಲ್ವಾ ಮಗಾ?" ಎಂದಳು. ಇಲ್ಲ ಎಂದಳು ನಾಗಶ್ರೀ. "ಅರಕೆಯಾ?" ಹೌದು ಎಂದುಬಿಟ್ಟಳು. ಯಾಕೆ ಹಾಗೆಂದೆನೆಂದು ತನಗೇ ಗೊತ್ತಾಗಲಿಲ್ಲ. ಒಬ್ಬಳೇ ಹೋಗುತ್ತಿರುವುದಕ್ಕೆ ಹರಕೆಗಿಂತ ಮರ್ಯಾದೆಯ ಕಾರಣ ಆ ಹೊತ್ತಿಗೆ ಹೊಳೆಯಲಿಲ್ಲ. ಹೆಂಗಸು ಮಡಿಲಿನಿಂದ ಬಾಳೆಹಣ್ಣು ತೆಗೆದು ಅರ್ಧ ಮುರಿದು ಕೊಟ್ಟಳು. ತಿನ್ನುವುದೋ ಬಿಡುವುದೋ ತಿಳಿಯದೆ ನಾಗಶ್ರೀ ಅದನ್ನು ಹನೂರಿನವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದಳು.

ನಿನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂದಿತ್ತು. "ನಾನು ಕಣವ್ವ, ಯಳಂದೂರಮ್ಮ" ಎಂದಿತು ಆ ಕಡೆಯ ದನಿ. ಹನೂರಿನಾಚೆಯ ಆ ಊರು, ದನದ ಕೊಟ್ಟಿಗೆಗೆ ಅಂಟಿಕೊಂಡ ಮನೆ, ಗಂಡ ಸತ್ತ ಹೆಂಗಸು, ಎಲ್ಲ ಒಟ್ಟಿಗೆ ನೆನಪಾಯಿತು. ವಿಧವೆಯರ ಊಟ ಉಪವಾಸಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನಾಗಶ್ರೀ ಆ ಊರಿಗೆ ಎಷ್ಟೋ ಸಲ ಹೋಗಿ ಬಂದಿದ್ದಳು. ಹೋದಾಗಲೆಲ್ಲ ಯಳಂದೂರಮ್ಮ ಮಜ್ಜಿಗೆ ಕೊಟ್ಟಿದ್ದಳು, ಮಾತು ಮಾತ್ರ ಕೊಟ್ಟಿರಲಿಲ್ಲ. "ನಮ್ಮೂರ ಕಡೆ ಮಗ ನೀನು, ಮಜ್ಗೆ ಕುಡಿ. ಯೋಳಕ್ಕೆ ನಂದೇನೂ ಇಲ್ಲ" ಎಂದು ನಗುತ್ತ ಎದ್ದು ಹೋಗುತ್ತಿದ್ದಳು. ಒಪ್ಪದವರನ್ನು ಒತ್ತಾಯ ಮಾಡಬಾರದು ಎಂಬುದು ಸಂಶೋಧನೆಯ ಮೊದಲ ಪಾಠ. ನಾಗಶ್ರೀ ಒತ್ತಾಯ ಮಾಡಿರಲಿಲ್ಲ. ಹಾಗಾಗಿಯೇ ಹೆಸರನ್ನೂ ಕೇಳಿರಲಿಲ್ಲ. ಯಳಂದೂರಿನಿಂದ ಮದುವೆಯಾಗಿ ಬಂದವಳು ಊರಿಗೆಲ್ಲ ಯಳಂದೂರಮ್ಮ, ಅವಳಿಗೂ ಅದೇ ಸಾಕು. "ಪೇಪರ್‌ನಾಗೆ ನನ್ನ ಎಸ್ರು ಆಕುಸ್ಬುಟ್ಯಲ್ಲವ್ವ" ಎಂದಳು ಫೋನಿನಲ್ಲಿ. "ಗಂಡನ ಎಣ ಮನೇಲಿಕ್ಕಂಡು ಗೋವಿಂದಮ್ಮ ಕೊಟ್ಗೇಲಿ ಕೂತು ವಟ್ಟೆ ತುಂಬ ಉಂಡ್ಳು ಅಂತ ಊರೆಲ್ಲ ಓದ್ಕಂಡು ನಗ್ತಾವ್ರೆ. ನಾಳೀಕೆ ಇರೀಕರ ಎಡೆ. ಇವ್ಳ ಕೈಲಿ ಇಕ್ಕುಸಕಿಲ್ಲ ಅಂತ ನನ್ನ ಮೈದ ಅಟ ಇಡ್ದು ಕೂತವ್ನೆ. ನನ್ನ ಗಂಡನ್ಗೆ ನಾನು ಎಡೆ ಇಕ್ಕಂಗಿಲ್ವಾ? ನೀನು ಬಂದು ಒಂದ್ಮಾತ ಯೋಳ್ಬುಟ್ಟು ಓಗು, ಅದು ನಾನಲ್ಲ ಅಂತ." ಗೋವಿಂದಮ್ಮ ಎಂಬುದು ಅವಳ ಹೆಸರು ಎಂದು ನಾಗಶ್ರೀಗೆ ಗೊತ್ತಾದದ್ದು ಆಗ.

ಪೇಪರಿಗೆ ಬಂದ ಆ ಮಾತನ್ನು ನಿಜಕ್ಕೂ ಹೇಳಿದವಳು ಅದೇ ಬೀದಿಯ ಕೊನೆಯ ಮನೆಯ ಚಿಕ್ಕಬಸಮ್ಮ. ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ, ಬೇರೇನೋ ಹೇಳುತ್ತಿದ್ದವಳು, ಎದ್ದು ಬಾಗಿಲು ಮುಚ್ಚಿ ಬಂದು ಕೂತಳು. "ನಮ್ಮನೆಯವ ಸತ್ತ ದಿಸ ಎಣ ಇನ್ನೂ ಪಡಸಾಲೇಲೇ ಇತ್ತು. ರೇಷ್ಮೆ ಉಳ ಅಸ್ಕಂಡವಲ್ಲ, ಸೊಪ್ಪಾಕ್ಬುಟ್ಟು ಬರವ ಅಂತ ಉಳದ ಮನೆಗೆ ಓದೆ. ಸೆರಗಲ್ಲಿ ತಂಗಳು ಮುದ್ದೆ ಇತ್ತು. ಅಲ್ಲೇ ಕುಕ್ಕರ್ಸ್ಕಂಡು ವಟ್ಟೆ ತುಂಬ ಉಂಡೆ ಕಣವ್ವ. ಈ ಮನೆಗೆ ಬಂದ್ಮೇಲೆ ಎಷ್ಟು ತಿಂದೀಯೆ ಅಂತ ಯಾರೂ ಕೇಳ್ದಂಗೆ ಉಂಡಿದ್ದು ಅವತ್ತೇಯ." ಹೇಳಿ ನಕ್ಕಳು, ಆಮೇಲೆ ನಗುವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಸೊಪ್ಪಿನ ಕಡೆ ನೋಡಿದಳು. "ನನ್ನ ಎಸ್ರು ಬ್ಯಾಡ." ಯಾರ ಮುಂದೆಯೂ ನಿಮ್ಮ ಹೆಸರು ಎತ್ತುವುದಿಲ್ಲ ಎಂದು ನಾಗಶ್ರೀ ಅವಳ ಕೈಹಿಡಿದು ಮಾತು ಕೊಟ್ಟಿದ್ದಳು. ಕೈ ಹಿಡಿದಿದ್ದು ನಿಜ, ಕಣ್ಣು ತುಂಬಿದ್ದೂ ನಿಜ. ಆದರೆ ಅದಕ್ಕೂ ಮೊದಲು, ಆ ಮಾತು ಕಿವಿಗೆ ಬಿದ್ದ ಕ್ಷಣಕ್ಕೇ, ಎದೆಯಲ್ಲಿ ಸಿಕ್ಕಿತು ಎಂದು ಏನೋ ಕುಣಿದಿತ್ತು. ಎರಡು ವರ್ಷ ಅಲೆದದ್ದಕ್ಕೆ ಒಂದು ಸಾಲು ಸಿಕ್ಕಿತು. ಬಸ್ಸಿನಲ್ಲಿ ಮರೆತುಹೋದೀತೆಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತ ಬಂದಿದ್ದಳು. ಮೈಸೂರಿನ ಸೆಮಿನಾರಿನಲ್ಲಿ ಅದನ್ನು ಓದಿದಾಗ ಸಭೆಯ ತುಂಬ ಚಪ್ಪಾಳೆ ಬಿತ್ತು, ದೊಡ್ಡ ದೊಡ್ಡವರು ಹುಡುಕಿಕೊಂಡು ಬಂದು ಮಾತಾಡಿಸಿದರು. ಅಷ್ಟು ಜನ ಒಟ್ಟಿಗೆ ಅವಳನ್ನು ಮಾತಾಡಿಸಿದ್ದು ಅವಳ ಬದುಕಿನಲ್ಲೇ ಮೊದಲು. ಅಂದು ಸಂಜೆ ಹೋಟೆಲಿನಲ್ಲಿ ಒಬ್ಬಳೇ ಕೂತು ಮಸಾಲೆ ದೋಸೆ ತಿನ್ನುತ್ತ ಖುಷಿಯಾಗಿದ್ದಳು. ಯಾರೋ ಒಬ್ಬಳು ಹೆಣದ ಮನೆಯಲ್ಲಿ ಕದ್ದು ಉಂಡ ಮುದ್ದೆಯ ಮೇಲೆ ತಾನು ಉಣ್ಣುತ್ತಿದ್ದೇನೆ ಎಂದು ಆಗ ಅನಿಸಿರಲಿಲ್ಲ. ಈಗ ಬಸ್ಸಿನಲ್ಲಿ ಬೆವರು, ವಿಭೂತಿ, ಹಣ್ಣಿನ ವಾಸನೆಗಳ ನಡುವೆ ಅನಿಸುತ್ತಿತ್ತು, ನಾಚಿಕೆಯಾಗುತ್ತಿತ್ತು.

ಮುಚ್ಚಿಡುವುದರಲ್ಲಿ ಅವಳು ಎಚ್ಚರ ತಪ್ಪಿದ್ದಳೇ? ಅದೇ ತಮಾಷೆ, ಎಚ್ಚರ ಹೆಚ್ಚಾಗಿದ್ದೇ ತಪ್ಪಾಯಿತು. ಸೂತಕದವರು ಹುಳದ ಮನೆಗೆ ಕಾಲಿಟ್ಟರೆ ಬೆಳೆ ಹೋಗುತ್ತದೆ ಎಂದು ಆ ಸೀಮೆಯವರು ನಂಬುತ್ತಾರೆ. ಆ ಸಲ ಚಿಕ್ಕಬಸಮ್ಮನ ಮನೆಯಲ್ಲಿ ಹುಳಕ್ಕೆ ರೋಗ ಬಿದ್ದು ಬೆಳೆ ಹೋಗಿಯೂ ಇತ್ತು. ಹುಳದ ಮನೆ ಎಂದು ಬರೆದರೆ ಸಿಕ್ಕಿಬೀಳುತ್ತಾಳೆಂದು ನಾಗಶ್ರೀ ಅದನ್ನು ದನದ ಕೊಟ್ಟಿಗೆ ಎಂದು ಬದಲಿಸಿದಳು. ಹೆಸರಿಗೂ ಹಾಗೆಯೇ. ಮಾದಮ್ಮ ಎಂದರೆ ಮನೆಗೊಬ್ಬಳು, ಬಸಮ್ಮ ಎಂದರೆ ಬೀದಿಗೊಬ್ಬಳು, ಯಾವುದನ್ನು ಬರೆದರೂ ಯಾರಿಗಾದರೂ ತಗಲುತ್ತದೆ. ಮಾದೇಶ್ವರನ ಒಕ್ಕಲಾದ ಆ ಊರಿನಲ್ಲಿ ಇರಲಾರದ ಹೆಸರು ಬೇಕೆಂದು ತನ್ನ ತವರಿನಿಂದ ಒಂದನ್ನು ತಂದಳು. ನಾಗಶ್ರೀಯೂ ಯಳಂದೂರಿನವಳೇ, ಬಿಳಿಗಿರಿ ರಂಗಪ್ಪನ ಬೆಟ್ಟದ ಕೆಳಗೆ ಗೋವಿಂದಮ್ಮಂದಿರಿಗೆ ಬರವಿಲ್ಲ. ಅದೇ ಹೆಸರಿನ ಹೆಣ್ಣೊಬ್ಬಳು ಅದೇ ಯಳಂದೂರಿನಿಂದ ತನಗಿಂತ ಮೊದಲೇ ಆ ಊರು ಸೇರಿ, ಹೆಸರು ಕಳಚಿಟ್ಟು, ಕೊಟ್ಟಿಗೆಯ ಪಕ್ಕ ಬದುಕುತ್ತಿದ್ದಾಳೆಂದು ಹೊಳೆಯಲಿಲ್ಲ. ಹನೂರು ಸೀಮೆಯದೆಂದು ಪ್ರಬಂಧದ ಸಾರವನ್ನು ಹಾಕಿದ ಪತ್ರಿಕೆಯವರು ಹೆಸರು ಬದಲಿಸಲಾಗಿದೆ ಎಂಬ ಸಾಲನ್ನು ಜಾಗ ಸಾಲದೆ ಕೈಬಿಟ್ಟರು. ಒಬ್ಬಳನ್ನು ಮರೆಮಾಡಲು ಮಾಡಿದ್ದೆಲ್ಲ ಮಾತಾಡಲು ಒಪ್ಪದೇ ಇದ್ದ ಇನ್ನೊಬ್ಬಳ ಮೇಲೆ ಹೋಗಿ ಬಿತ್ತು.

ನಿನ್ನೆ ಸಂಜೆ ಗೈಡ್ ಮಲ್ಲಿಕಾರ್ಜುನಸ್ವಾಮಿಯವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದಳು. "ಹೋಗ್ಬೇಡಿ" ಎಂದರು ಅವರು. "ಹೌದು ಅನ್ಬಾರ್ದು, ಅಲ್ಲ ಅಂತಾನೂ ಅನ್ಬಾರ್ದು. ಇವಳಲ್ಲ ಅಂದ ತಕ್ಷಣ ಮತ್ಯಾರು ಅಂತ ಕೇಳ್ತಾರೆ. ನೀವು ಬಾಗಿಲು ಹಾಕ್ಕೊಂಡು ಕೂತು ಮಾತಾಡಿದ್ದು ಯಾರ ಮನೇಲಿ ಅಂತ ಬೀದಿಗೆಲ್ಲ ಗೊತ್ತಲ್ವಾ? ನೀವು ಬೆರಳು ತೋರಿಸೋದೇ ಬೇಡ." ಆಮೇಲೆ, "ಎಥಿಕ್ಸ್ ಕಮಿಟಿಗೆ ನಾನು ಬರೀತೀನಿ. ನಿಯಮದ ಪ್ರಕಾರ ನಿಮ್ಮಿಂದ ತಪ್ಪಾಗಿಲ್ಲ ನಾಗಶ್ರೀ" ಎಂದರು. ಒಳ್ಳೆಯ ಮನುಷ್ಯ, ಹೇಳಿದ್ದೂ ಸರಿ. ಸರಿಯಾಗಿದ್ದದ್ದೇ ಅವಳಿಗೆ ಸಂಕಟವಾಯಿತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ತಪ್ಪಾಗಿಲ್ಲ ಎಂಬ ಮಾತನ್ನು ಹೊತ್ತುಕೊಂಡು ಅನ್ನಕ್ಕಿಟ್ಟಳು, ಒಬ್ಬಳಿಗೆ ಎಷ್ಟು ಅಕ್ಕಿ ಎಂಬುದು ಇಷ್ಟು ವರ್ಷವಾದರೂ ಕೈಗೆ ಬಂದಿರಲಿಲ್ಲ, ಈ ಸಲವೂ ಹೆಚ್ಚಾಯಿತು. ಯಾರನ್ನಾದರೂ ಕೇಳೋಣವೆಂದರೆ ಯಾರಿದ್ದಾರೆ? ಅಣ್ಣ ಬಸವೇಶ ಹಬ್ಬಕ್ಕೆ ಬಾ ಎಂದು ಈ ಸಲವೂ ಕರೆದಿರಲಿಲ್ಲ. ಅವ್ವ ಇದ್ದಿದ್ದರೆ ಹೇಳಬಹುದಿತ್ತು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದ ಅವ್ವನಿಗೆ ಹಸಿವು ಇತ್ತೇ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಊರೂರು ತಿರುಗಿ ಕಂಡವರನ್ನೆಲ್ಲ ಕೇಳಿದ್ದು ಅದನ್ನೇ.

ಹನೂರಿನಲ್ಲಿ ಇಳಿದಾಗ ಆಟೋ ಸ್ಟ್ಯಾಂಡಿನಲ್ಲಿ ಮಾದೇಶ ಕೈಬೀಸಿದ. ಚಿಕ್ಕಬಸಮ್ಮನ ಮಗ. "ಬನ್ನಿ ಮೇಡಂ, ಊರಲ್ಲಿ ನಿಮ್ಮುನ್ನೇ ಕಾಯ್ತಾವ್ರೆ" ಎಂದು ನಕ್ಕ. ದಾರಿಯುದ್ದಕ್ಕೂ ಅವನದೇ ಮಾತು. "ಪೇಪರ್ ಓದಿ ಯೋಳಿದ್ದು ನಾನೇ ಕಣ್ರಿ. ಜಗ್ಲಿ ಮೇಲೆ ನಿಂತ್ಕಂಡು ಜೋರಾಗಿ ಓದ್ದೆ. ಯಳಂದೂರಮ್ಮ ಅಂಗೆ ಮಾಡಾಳು ಅಂತ ಯಾರ್ಗೆ ಗೊತ್ತಿತ್ತು ಯೋಳಿ! ನಕ್ಕೂ ನಕ್ಕೂ ಸಾಕಾಯ್ತು." ನಾಗಶ್ರೀ ಮುಂದಕ್ಕೆ ಬಾಗಿ ಕೇಳಿದಳು. "ನಿಮ್ಮವ್ವ ಇದ್ದರಾ ಅಲ್ಲಿ?" "ಇದ್ಲು." "ಏನಂದ್ರು?" "ಅವ್ಳೇನಂದಾಳು. ಇನ್ನೊಂದ್ಸಲ ಓದು ಅಂದ್ಲು." ಹೆದರಿಕೊಂಡಿದ್ದಾಳೆ, ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಮತ್ತೆ ಕೇಳಿಸಿಕೊಂಡಿದ್ದಾಳೆ ಎಂದು ನಾಗಶ್ರೀ ಅಂದುಕೊಂಡಳು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ, ಅದರಾಚೆ ಜೋಳ, ಅದರಾಚೆ ಕಾಡಿನ ಗೆರೆ. ಈ ಮಗನ ಬಾಯಿಗೆ ಆ ತಾಯಿ ಸಿಕ್ಕರೆ ಏನಾದೀತೆಂದು ನೆನೆಯುವುದಕ್ಕೂ ಆಗಲಿಲ್ಲ.

ಗೋವಿಂದಮ್ಮ ತನ್ನ ಮನೆಯ ಹೊರಗೇ ನಿಂತಿದ್ದಳು, ಕೊಟ್ಟಿಗೆಯ ಕಂಬಕ್ಕೆ ಒರಗಿ. ಒಳಗೆ ಪಡಸಾಲೆಯಲ್ಲಿ ಬಾಳೆಯೆಲೆಗಳನ್ನು ಹಾಸಿದ್ದರು, ಗೋಡೆಗೆ ಒರಗಿಸಿದ ಫೋಟೋ, ಅದರ ಮುಂದೆ ಹೊಸ ಪಂಚೆ, ಸತ್ತವನಿಗೆ ಇಷ್ಟವೆಂದು ಒಂದು ಬೀಡಿ ಕಟ್ಟು. ಅಡುಗೆಯ ಘಮ ಬೀದಿಗೆ ಬರುತ್ತಿತ್ತು. ಮೈದುನ ಪುಟ್ಟಮಾದಪ್ಪ ಜಗಲಿಯಿಂದೆದ್ದು ಕೈಮುಗಿದ, ಕುರ್ಚಿ ಹಾಕಿಸಿದ, ಕಾಫಿ ತರಲು ಹೇಳಿದ. ಆ ಮರ್ಯಾದೆಯೇ ಅವಳಿಗೆ ಭಾರವಾಯಿತು. ಅಕ್ಕಪಕ್ಕದ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ಅವರ ಹಿಂದೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಚಿಕ್ಕಬಸಮ್ಮನೂ ಬಂದಳು. ನಾಗಶ್ರೀ ಆ ಕಡೆ ನೋಡಬಾರದೆಂದು ಕಾಫಿಯ ಲೋಟವನ್ನೇ ನೋಡಿದಳು.

"ಮೇಡಮ್ಮೋರೆ, ನಮ್ಗೇನೂ ಇವ್ಳ ಮೇಲೆ ದ್ವೇಸ ಇಲ್ಲ" ಎಂದ ಪುಟ್ಟಮಾದಪ್ಪ. "ವರ್ಸಕ್ಕೊಂದ್ಸಲ ನಮ್ಮಣ್ಣ ಎಡೆಗೆ ಬತ್ತನೆ. ಅವ್ನು ಎಣವಾಗಿ ಮಲ್ಗಿದ್ದಾಗ, ಇನ್ನೂ ಮಣ್ಣು ಮಾಡ್ದೆ ಇದ್ದಾಗ, ತಾನು ಉಂಡವ್ಳು ಬಡ್ಸುದ್ರೆ ಅವ್ನು ಮುಟ್ಟನಾ? ಅದ ನೀವೇ ಯೋಳಿ."

"ಯೋಳವ್ವ, ಅದು ನಾನಲ್ಲ ಅಂತ" ಎಂದಳು ಗೋವಿಂದಮ್ಮ. ದನಿಯಲ್ಲಿ ಬೇಡಿಕೆ ಇರಲಿಲ್ಲ, ಕೋಪವಿತ್ತು. "ನಿನ್ಗೆ ಮಜ್ಗೆ ಕೊಟ್ಟಿದ್ದು ಬುಟ್ರೆ ನಾನು ಇನ್ನೊಂದು ಮಾತಾಡಿದ್ನಾ?"

"ಇವರಲ್ಲ" ಎಂದಳು ನಾಗಶ್ರೀ. ಗೈಡ್ ಬೇಡವೆಂದದ್ದು ಬಾಯಿಂದ ಹೊರಬಿದ್ದಾಗಿತ್ತು.

"ಅಂಗಾದ್ರೆ ಯಾರು?"

ಕೇಳಿದ್ದು ಪುಟ್ಟಮಾದಪ್ಪನೋ, ಹೆಂಗಸರಲ್ಲಿ ಒಬ್ಬಳೋ, ತಿಳಿಯಲಿಲ್ಲ. ಆಮೇಲೆ ಒಂದೊಂದೇ ತಲೆ ತಿರುಗತೊಡಗಿತು, ಇನ್ನೂ ಯಾರ ಕಡೆಗೆಂದು ಗೊತ್ತಿಲ್ಲದೆ, ಆದರೆ ಬೀದಿಯ ಕೊನೆಯ ಕಡೆಗೇ. ಬಾಗಿಲು ಹಾಕಿಕೊಂಡು ಕೂತಿದ್ದರಲ್ಲ, ಅಂದು ಯಾರ ಮನೆಯಲ್ಲಿ ಎಂದು ಆ ತಲೆಗಳ ಒಳಗೆ ನೆನಪು ಹೊರಳುತ್ತಿರುವುದು ನಾಗಶ್ರೀಗೆ ಕಾಣಿಸುತ್ತಿತ್ತು. ಇನ್ನೊಂದು ಉಸಿರು ತಡೆದರೆ ಹೆಸರು ತಾನಾಗಿಯೇ ಬಂದು ನಿಲ್ಲುತ್ತದೆ. ಮಾದೇಶ ಜಗಲಿಯ ಅಂಚಿನಲ್ಲಿ ಕೂತು ಕಾಲಾಡಿಸುತ್ತಿದ್ದ, ಮುಖದ ತುಂಬ ನಗು. ನಾಗಶ್ರೀಗೆ ತಾನು ಬಹಳ ದೂರದಲ್ಲಿ ಎಲ್ಲೋ ನಿಂತು ಈ ಜಗಲಿಯನ್ನು ನೋಡುತ್ತಿರುವಂತೆ ಅನಿಸಿತು. ಯಾರಿಗೂ ಹಾನಿಯಾಗಬಾರದು, ಮಾತು ಮುರಿಯಬಾರದು, ಸುಳ್ಳು ಹೇಳಬಾರದು ಎಂದು ತರಗತಿಯಲ್ಲಿ ತಾನೇ ಪಾಠ ಮಾಡುತ್ತಿದ್ದಳು, ಮೂರೂ ಒಂದೇ ಮನೆಯ ಅಕ್ಕತಂಗಿಯರು ಎನ್ನುವ ಹಾಗೆ. ಈಗ ಒಂದನ್ನು ಕಾಯಲು ಇನ್ನೊಂದನ್ನು ಮನೆಯಿಂದ ಹೊರಗೆ ದಬ್ಬಬೇಕಿತ್ತು.

"ಯಾರೂ ಅಲ್ಲ" ಎಂದಳು. "ಆ ಮಾತನ್ನು ನನಗೆ ಯಾರೂ ಹೇಳಲಿಲ್ಲ. ನಾನೇ ಕಟ್ಟಿ ಬರೆದದ್ದು."

ತಿರುಗಿದ ತಲೆಗಳೆಲ್ಲ ಮತ್ತೆ ಅವಳ ಕಡೆ ಬಂದವು. "ಅಂದ್ರೆ ಸುಳ್ಳಾ?" ಎಂದ ಪುಟ್ಟಮಾದಪ್ಪ. ಸುಳ್ಳು ಎಂದಳು. ಮಾದೇಶ ಜಗಲಿಯಿಂದ ಧುಮುಕಿ ಫೋನು ತೆಗೆದ. "ಇನ್ನೊಂದ್ಸಲ ಯೋಳಿ ಮೇಡಂ, ವೀಡಿಯೋ ಮಾಡ್ಕತೀನಿ. ಊರ ಗ್ರೂಪ್ಗೆ ಆಕ್ಬುಟ್ರೆ ಎಲ್ರ ಬಾಯೂ ಮುಚ್ತದೆ." ಅವನು ಫೋನು ಹಿಡಿದ ಕೈ ಅವಳ ಮುಖಕ್ಕೆ ಬಲು ಹತ್ತಿರ ಬಂತು. ಊರಿನ ಗ್ರೂಪಿಗೆ ಹೋದದ್ದು ಹನೂರಿಗೆ ಹೋಗುತ್ತದೆ, ಹನೂರಿಗೆ ಹೋದದ್ದು ಕೊಳ್ಳೇಗಾಲದ ಕಾಲೇಜಿಗೆ, ಅಲ್ಲಿಂದ ಮಲ್ಲಿಕಾರ್ಜುನಸ್ವಾಮಿಯವರಿಗೆ. ಇಲ್ಲದ್ದನ್ನು ಕಟ್ಟಿ ಬರೆದವಳಿಗೆ ಪದವಿ ಇರಲಿ, ಕೆಲಸವೂ ಉಳಿಯುವುದಿಲ್ಲ. ಎಲ್ಲ ಗೊತ್ತಿದ್ದೂ ತನ್ನ ಹೆಸರು, ಕಾಲೇಜಿನ ಹೆಸರು ಹೇಳಿ, ಗೋವಿಂದಮ್ಮನವರ ಬಗ್ಗೆ ಬಂದದ್ದು ನಾನು ಕಲ್ಪಿಸಿ ಬರೆದ ಸುಳ್ಳು ಎಂದು ಫೋನಿಗೆ ಹೇಳಿದಳು. ಎರಡನೆಯ ಸಲ ಹೇಳುವಾಗ ಸಲೀಸಾಗಿತ್ತು, ಪಾಠ ಒಪ್ಪಿಸಿದ ಹಾಗೆ.

ಪುಟ್ಟಮಾದಪ್ಪ ನಿಟ್ಟುಸಿರು ಬಿಟ್ಟ. "ಓದ್ದೋರು ಇಂಗೆ ಮಾಡ್ಬಾರ್ದು ಕಣವ್ವ" ಎಂದ. ಬಂದಾಗಿನ ಮೇಡಮ್ಮೋರು ಅಷ್ಟರಲ್ಲಿ ಅವ್ವನಾಗಿದ್ದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಮುಖ ನೋಡದೆ, "ಓಗು ಅತ್ಗೆ, ಒತ್ತಾಯ್ತು, ಎಡೆ ಇಕ್ಕೋಗು" ಎಂದ. ಗೋವಿಂದಮ್ಮ ಬಾನಿಯಲ್ಲಿ ಕೈಕಾಲು ತೊಳೆದುಕೊಂಡಳು. ಮೆಟ್ಟಿಲು ಹತ್ತುವಾಗ ನಾಗಶ್ರೀಯ ಮುಂದೆ ನಿಂತಳು. ಏನೋ ಒಳ್ಳೆಯ ಮಾತು ಬರುತ್ತದೆಂದು ನಾಗಶ್ರೀ ಕುರ್ಚಿಯಿಂದ ಅರ್ಧ ಎದ್ದಳು. "ಸುಳ್ಳು ಬರಿಯಕ್ಕೆ ನನ್ನೆಸ್ರೇ ಬೇಕಾಗಿತ್ತಾ? ನಿಮ್ಮವ್ವನ್ಗೆ ಎಸ್ರಿರ್ನಿಲ್ವಾ?" ಎಂದು ಕೇಳಿ ಗೋವಿಂದಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಲೆಯ ಮೇಲೆ ಬಡಿಸುವ ಸದ್ದು ಕೇಳಿಸಿತು, ಒಬ್ಬೊಬ್ಬರೇ ಒಳಗೆ ಸರಿದರು. ಕೂತುಕೋ, ಉಂಡು ಹೋಗು ಎಂದು ಯಾರೂ ಹೇಳಲಿಲ್ಲ. ಎಡೆಯ ದಿನ ಹಾದಿಯಲ್ಲಿ ಹೋಗುವವರನ್ನೂ ಕರೆದು ಬಡಿಸುವ ಊರು ಅದು.

ರಸ್ತೆಗೆ ನಡೆಯುತ್ತ ನಾಗಶ್ರೀಗೆ ಅಳು ಬರಲಿಲ್ಲ. ಬದಲಿಗೆ ಏನೋ ಹಗುರವಾದಂತೆ, ಹೆಮ್ಮೆಯ ಹತ್ತಿರದ್ದು ಏನೋ ಎದ್ದಂತೆ ಇತ್ತು. ಇಬ್ಬರು ಹೆಂಗಸರು ಉಳಿದರು, ಹೋದದ್ದು ತನ್ನದೊಬ್ಬಳದು. ಇಷ್ಟು ದಿನ ಇನ್ನೊಬ್ಬರ ಮಾತು ಉಂಡದ್ದಕ್ಕೆ ಇಂದು ಸಾಟಿಯಾಯಿತು. ಒಬ್ಬಳಿಗಾದರೂ ತಾನು ಮಾಡಿದ್ದೇನೆಂದು ಗೊತ್ತಿದೆ, ಇಡೀ ಲೋಕದಲ್ಲಿ ಒಬ್ಬಳಿಗೆ, ಅಷ್ಟು ಸಾಕು ಎಂದುಕೊಂಡಳು. ಊರಾಚೆಯ ಹಿಪ್ಪುನೇರಳೆ ತೋಟದ ಬದುವಿನ ಮೇಲಿಂದ ಆ ಒಬ್ಬಳೇ ಬರುತ್ತಿರುವುದು ಕಂಡಾಗ ನಾಗಶ್ರೀಗೆ ಕಣ್ಣು ತುಂಬಿ ಬಂತು. ಎಲ್ಲರೂ ಎಡೆಯ ಗಲಾಟೆಯಲ್ಲಿರುವಾಗ ಸುತ್ತು ಹಾಕಿ ಬಂದಿದ್ದಳು ಚಿಕ್ಕಬಸಮ್ಮ. ಹತ್ತಿರ ಬಂದು ನಿಂತಳು, ಉಸಿರು ಹತ್ತಿತ್ತು.

"ಸುಳ್ಳು ಅಂದ್ಬುಟ್ಯಲ್ಲವ್ವ" ಎಂದಳು.

ನಾಗಶ್ರೀಗೆ ಮೊದಲು ಅರ್ಥವಾಗಲಿಲ್ಲ. "ನಿಮಗೋಸ್ಕರ ಅಮ್ಮ" ಎಂದಳು. "ಎಲ್ಲರೂ ನಿಮ್ಮ ಕಡೆ ತಿರುಗ್ತಿದ್ರು. ನಿಮ್ಮ ಹೆಸರು ಬೇಡ ಅಂದಿದ್ರಲ್ಲ ನೀವು."

"ಎಸ್ರು ಬ್ಯಾಡ ಅಂದಿದ್ದೆ. ಮಾತು ಬ್ಯಾಡ ಅಂದಿದ್ನಾ?" ಚಿಕ್ಕಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ನ ಮಗ ಓದ್ವಾಗ ಎಲ್ರೂ ನಗ್ತಿದ್ರು. ನಂಗೆ ನಗು ಬರ್ನಿಲ್ಲ, ಭಯವೂ ಆಗ್ನಿಲ್ಲ. ಪಾಪ, ಅವ್ಳು ಉಂಡ್ಳು ಅಂತ ಯಾರೋ ಬರ್ದವ್ರಲ್ಲಪ್ಪ ಅನ್ನುಸ್ತು. ಅದು ನಾನೇ ಅನ್ನೋದ ಮರ್ತೋಗಿ ಅತ್ಬುಟ್ಟೆ. ಯಳಂದೂರಮ್ಮನ್ಗೆ ಅನ್ಯಾಯ ಆಯ್ತಾದೆ ಅಂತ ಗೊತ್ತಿತ್ತು ಕಣವ್ವ, ಇವತ್ತು ನೀನು ಬಾಯಿ ಬುಡ್ದೆ ಇದ್ರೆ ನಾನೇ ಯೋಳವ ಅಂತಿದ್ದೆ. ಗಂಟ್ಲವರ್ಗೂ ಬಂದಿತ್ತು. ಅಷ್ಟ್ರಲ್ಲಿ ನೀನು ಸುಳ್ಳು ಅಂದೆ. ಇನ್ನು ನಾನು ಯೋಳುದ್ರೂ ಯಾರು ನಂಬಾರು?"

ನಾಗಶ್ರೀ ಅವಳ ಕಡೆಗೊಂದು ಹೆಜ್ಜೆ ಇಟ್ಟಳು. ತಪ್ಪಾಯಿತು ಎನ್ನಬೇಕೆಂದಿದ್ದಳು, ಆ ಮಾತು ಅಷ್ಟಕ್ಕೆ ಸಾಲುವಂತೆ ಕಾಣಲಿಲ್ಲ.

"ನಾನು ಉಂಡಿದ್ದು ದಿಟ" ಎಂದಳು ಚಿಕ್ಕಬಸಮ್ಮ, ಬೇರೆ ಯಾರಿಗೋ ಹೇಳುವಂತೆ. "ಓಯ್ತೀನಿ. ನಮ್ಮನೇಲೂ ಎಡೆ ಇಕ್ಬೇಕು." ಈ ಸಲ ಬದುವಿನ ದಾರಿ ಹಿಡಿಯದೆ, ರಸ್ತೆಯ ಮೇಲೆಯೇ, ಊರಿನ ಕಡೆಗೆ ನೆಟ್ಟಗೆ ನಡೆದಳು.

ಹೀಗೆ ಬಿಟ್ಟರೆ ಅವಳು ಇನ್ನೆಂದೂ ಸಿಗುವುದಿಲ್ಲವೆಂದು ನಾಗಶ್ರೀಗೆ ಗೊತ್ತಾಯಿತು. ನಿಲ್ಲಿಸಬೇಕು, ಇನ್ನೊಮ್ಮೆ ಊರೊಳಗೆ ಹೋಗಿ ಇಬ್ಬರೂ ಕೂತು ಎಲ್ಲವನ್ನೂ ಹೇಳಿಬಿಡಬೇಕು, ಅಥವಾ ಸುಮ್ಮನೆ ಕೈಯಾದರೂ ಹಿಡಿಯಬೇಕು ಎಂದು ನಾಲ್ಕು ಹೆಜ್ಜೆ ಓಡಿದಳು. ಚಿಕ್ಕಬಸಮ್ಮ ಆಗಲೇ ಅಂಗಡಿ ದಾಟುತ್ತಿದ್ದಳು. ಅಂಗಡಿಯ ಮುಂದೆ ಮಾದೇಶ ನಾಲ್ಕಾರು ಜನಕ್ಕೆ ಫೋನು ತೋರಿಸುತ್ತಿದ್ದ, ಅದರೊಳಗಿಂದ ನಾಗಶ್ರೀಯ ದನಿಯೇ ಬರುತ್ತಿತ್ತು. ಹೆಸರು ಹಿಡಿದು ಕೂಗಲು ಬಾಯಿ ತೆರೆದಳು. ಅಷ್ಟು ಜನರ ಮುಂದೆ, ಈ ದಿನ, ಆ ಹೆಸರನ್ನು ಕೂಗುವುದೆಂದರೆ ಉಂಡವಳು ಇವಳೇ ಎಂದು ಬೆರಳು ತೋರಿಸಿದ ಹಾಗೆ ಎಂದು ನಾಲಗೆಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ರಸ್ತೆಯ ಮಧ್ಯೆ ನಿಂತಳು. ಚಿಕ್ಕಬಸಮ್ಮ ತಿರುಗಿ ನೋಡಲಿಲ್ಲ.